ಮೀಟರ್ ಸರಿ ಇದ್ದರೂ ಎಂಜಿನ್ ಸೀಜ್ ಆಗುತ್ತದೆ: ಕೂಲಂಟ್ ಫ್ಲೋ ಸ್ವಿಚ್ ಚೆಕ್ ಮಾಡುವುದು ಹೇಗೆ

ಎಂಜಿನ್ ಹೀಟ್ ಆಗಿದ್ದು ಹೇಗೆ ಗೊತ್ತಾಗುತ್ತದೆ ಅಂತ ಯಾವ ಆಪರೇಟರ್‌ನನ್ನು ಕೇಳಿದರೂ ಟೆಂಪರೇಚರ್ ಮೀಟರ್ ಕಡೆ ಕೈ ತೋರಿಸುತ್ತಾರೆ. ಸರಿಯೇ. ಆದರೆ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಖಾಲಿಯಾದಾಗ, ಅಥವಾ ಹರಿಯುವುದೇ ನಿಂತಾಗ, ಆ ಮೀಟರ್ ನಂಬುವ ಹಾಗಿಲ್ಲ. ಅದರ ಸೆನ್ಸರ್ ಕೂಲಂಟ್‌ನಲ್ಲಿ ಮುಳುಗಿದ್ದರೆ ಮಾತ್ರ ನಿಜವಾದ ಬಿಸಿ ತೋರಿಸುತ್ತದೆ. ಸುತ್ತ ಬರೀ ಗಾಳಿ, ಹಬೆ ಇದ್ದರೆ ಒಳಗೆ ಹೆಡ್ (ಎಂಜಿನ್‌ನ ಮೇಲ್ಭಾಗ) ಸುಡುತ್ತಿದ್ದರೂ ಮುಳ್ಳು ಹಸಿರಿನಲ್ಲೇ ಕೂತಿರಬಹುದು, ಕೆಲವೊಮ್ಮೆ ಇನ್ನೂ ಕೆಳಗೇ ಇಳಿಯುತ್ತದೆ.

ಅದಕ್ಕೇ ಕ್ಯಾಟರ್‌ಪಿಲ್ಲರ್‌ನ ಹಳೆಯ ದೊಡ್ಡ ಡೋಜರ್, ಲೋಡರ್‌ಗಳಲ್ಲಿ ಫ್ಲೋ ಸ್ವಿಚ್ ಅಂತ ಬೇರೆಯೇ ಒಂದು ಇರುತ್ತದೆ. ಕೂಲಂಟ್ ಹೋಗುವ ದಾರಿಗೆ ಅಡ್ಡವಾಗಿ ಒಂದು ಸಣ್ಣ ರೆಕ್ಕೆ. ಕೂಲಂಟ್ ತಳ್ಳಿದರೆ ಅದು ವಾಲುತ್ತದೆ, ಒಳಗಿನ ಕಾಂಟ್ಯಾಕ್ಟ್ ಕೂಡಿಕೊಂಡು ವೈರ್ ಅರ್ಥ್ ಆಗುತ್ತದೆ. ಹರಿವು ನಿಂತರೆ ಕಾಂಟ್ಯಾಕ್ಟ್ ಬಿಡುತ್ತದೆ. ಆಗ ಲ್ಯಾಂಪು, ಜೊತೆಗೆ ಬಜರ್. ನಿಮ್ಮ ಮೆಷಿನ್‌ನಲ್ಲಿ ಫ್ಲೋ ಸ್ವಿಚ್ ಇದೆಯೋ, ಬರೀ ಲೆವೆಲ್ ಸೆನ್ಸರ್ ಇದೆಯೋ ಅಂತ ಮೊದಲು ಮ್ಯಾನ್ಯುಯಲ್ ನೋಡಿಕೊಳ್ಳಿ. ಲೆವೆಲ್ ಸೆನ್ಸರ್ ಬೇರೆ. ಟ್ಯಾಂಕ್ ತುಂಬಿದ್ದು ವಾಟರ್ ಪಂಪ್ ನಿಂತಿದ್ದರೆ ಅದು ಬಾಯಿ ಬಿಡುವುದಿಲ್ಲ.

ಬೆಳಿಗ್ಗೆ ಒಂದು ಕೆಲಸ ಮಾಡಿ, ಅರ್ಧ ನಿಮಿಷ ಸಾಕು. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಮೊದಲು ಎಲ್ಲ ಲ್ಯಾಂಪ್ ಒಂದು ಸಲ ಹತ್ತಿ ಆರುತ್ತವೆ, ಅದು ಪ್ಯಾನೆಲ್ ತನ್ನನ್ನು ತಾನೇ ಚೆಕ್ ಮಾಡಿಕೊಳ್ಳುವುದು. ಆಮೇಲೂ ಆಯಿಲ್ ಪ್ರೆಶರ್ ಮತ್ತು ಕೂಲಂಟ್ ಫ್ಲೋ ಲ್ಯಾಂಪ್ ಮಿನುಗುತ್ತಿರಬೇಕು, ಯಾಕಂದರೆ ಎಂಜಿನ್ ನಿಂತಿದೆ, ಹರಿವು ಇಲ್ಲ. ಸ್ಟಾರ್ಟ್ ಆದ ಮೇಲೆ ಎರಡೂ ಆರಬೇಕು. ಎಂಜಿನ್ ನಿಂತಿರುವಾಗಲೇ ಫ್ಲೋ ಲ್ಯಾಂಪ್ ಹತ್ತದಿದ್ದರೆ ಖುಷಿ ಪಡಬೇಡಿ. ರೆಕ್ಕೆಗೆ ಕೆಸರು, ಉಪ್ಪಿನ ಪೊರೆ ಹಿಡಿದು ಅಂಟಿಕೊಂಡಿರಬೇಕು, ಇಲ್ಲವೇ ಯಾರೋ ವೈರ್ ಬೈಪಾಸ್ ಮಾಡಿರಬೇಕು.

ಎರಡನೆಯದು ಸುಮ್ನೆ ಹೇಳಿದ್ದಲ್ಲ. ಒಂದು ಕ್ವಾರಿಯಲ್ಲಿ ಹಳೇ ಲೋಡರ್ ಮಧ್ಯಾಹ್ನದ ಹೊತ್ತಿಗೆ ಸೀಜ್ ಆಗಿ, ಅಂದರೆ ಎಂಜಿನ್ ಒಳಗೇ ಕಚ್ಚಿಕೊಂಡು, ನಿಂತಿತ್ತು. ಮೀಟರ್ ನಾರ್ಮಲ್ ಇತ್ತು ಸಾರ್ ಅಂತ ಆಪರೇಟರ್ ಅಳುವುದೊಂದು ಬಾಕಿ. ಕೆಳಗಿನ ಹೋಸ್ ಒಡೆದು ಕೂಲಂಟೆಲ್ಲ ಚೆಲ್ಲಿ ಹೋಗಿದೆ, ಆದರೂ ಬಜರ್ ಯಾಕೆ ಹೊಡೆಯಲಿಲ್ಲ ಅಂತ ವೈರ್ ಹಿಡಿದು ಹೋಗಿ ನೋಡಿದರೆ, ಸ್ವಿಚ್‌ಗೆ ಹೋಗಬೇಕಾದ ವೈರನ್ನು ಕತ್ತರಿಸಿ, ತುದಿ ಕೆರೆದು, ಎಂಜಿನ್ ಬ್ಲಾಕ್‌ನ ಒಂದು ಬೋಲ್ಟ್ ಕೆಳಗೆ ಸಿಕ್ಕಿಸಿ ಮೇಲೆ ಟೇಪ್ ಸುತ್ತಿದ್ದರು. ವೈರ್ ಸದಾ ಅರ್ಥ್, ಪ್ಯಾನೆಲ್ ಲೆಕ್ಕದಲ್ಲಿ ಕೂಲಂಟ್ ಹರಿಯುತ್ತಲೇ ಇದೆ. ಟೇಪ್ ಮೇಲೆ ಬೆರಳು ದಪ್ಪ ಧೂಳು. ಯಾವ ಕಾಲದಲ್ಲಿ ಮಾಡಿದ್ದೋ, ಬಜರ್ ಕಿರಿಕಿರಿ ತಾಳಲಾರದೆ ಮಾಡಿದ್ದು. ಬೆಳಿಗ್ಗೆ ಕೀ ಆನ್ ಮಾಡಿದಾಗ ಒಂದು ಸಲ ನೋಡಿದ್ದರೆ ಸಿಕ್ಕಿಬೀಳುತ್ತಿತ್ತು, ಅಲ್ವಾ?

ಇನ್ನು ಕೆಲಸದ ಮಧ್ಯೆ ಫ್ಲೋ ಅಲಾರ್ಮ್ ಬಂದರೆ. ಸಮತಟ್ಟು ಜಾಗ ಕೈಗೆ ಸಿಗುವಷ್ಟು ಹತ್ತಿರ ಇದ್ದರೆ ಅಲ್ಲಿಗೆ ತಂದು, ಬಕೆಟ್ ನೆಲಕ್ಕೆ ಇಳಿಸಿ, ತಕ್ಷಣ ಆಫ್ ಮಾಡಿ. ಬರೀ ಹೀಟ್ ಆದಾಗ ಲೋಡ್ ತೆಗೆದು ಐಡ್ಲಿಂಗ್‌ನಲ್ಲಿ ಬಿಟ್ಟು ತಣ್ಣಗಾಗಿಸುತ್ತೇವಲ್ಲ, ಟರ್ಬೋಗೂ ಒಳ್ಳೆಯದು ಅಂತ, ಆ ಅಭ್ಯಾಸ ಇಲ್ಲಿ ಬೇಡ. ಕೂಲಂಟ್ ಸುತ್ತುತ್ತಿಲ್ಲ ಅಂದ ಮೇಲೆ ಐಡ್ಲಿಂಗ್‌ನಲ್ಲಿ ತಣ್ಣಗಾಗುವುದೇನು ಬಂತು? ರೇಡಿಯೇಟರ್ ಕ್ಯಾಪನ್ನು ಬಿಸಿಯಲ್ಲಿ ತೆಗೆಯಬೇಡಿ, ಕೈಯಿಟ್ಟರೆ ತಣ್ಣಗೆ ಅನಿಸುವವರೆಗೆ ಕಾಯಿರಿ.

ತಣ್ಣಗಾದ ಮೇಲೆ ಮೊದಲು ಲೆವೆಲ್, ಆಮೇಲೆ ಬೆಲ್ಟ್, ಆಮೇಲೆ ಸೋರಿಕೆ. ಎಲ್ಲ ಸರಿ ಇದ್ದೂ, ಐಡ್ಲಿಂಗ್‌ನಲ್ಲಿ ಲ್ಯಾಂಪ್ ಆರಿ, ರೇಸ್ ಕೊಟ್ಟಾಗ ಮಾತ್ರ ಹತ್ತುತ್ತಿದ್ದರೆ ಪಂಪ್‌ಗೆ ಹೋಗುವ ಕೆಳಗಿನ ಹೋಸ್ ನೋಡಿ. ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಹೋಗಿದ್ದರೆ, ಅಥವಾ ಹೋಸೇ ಮೆತ್ತಗಾಗಿದ್ದರೆ, ಪಂಪ್ ಜೋರಾಗಿ ಎಳೆದಾಗ ಪೈಪು ಚಪ್ಪಟೆ ಆಗಿ ದಾರಿ ಮುಚ್ಚುತ್ತದೆ. ರೇಸ್ ಬಿಟ್ಟರೆ ಮತ್ತೆ ಗುಂಡಗೆ. ಹೆಲ್ಪರ್ ಕೈಲಿ ರೇಸ್ ಕೊಡಿಸಿ ದೂರದಿಂದ ಟಾರ್ಚ್ ಬಿಟ್ಟು ನೋಡಿ, ಫ್ಯಾನ್ ಹತ್ತಿರ ತಲೆ ಹಾಕಬೇಡಿ. ಅದೂ ಅಲ್ಲದಿದ್ದರೆ ಪಂಪ್ ಇಂಪೆಲ್ಲರ್ (ಕೂಲಂಟ್ ತಳ್ಳುವ ಚಕ್ರ) ಸವೆದಿರಬಹುದು, ಥರ್ಮೋಸ್ಟಾಟ್ (ಬಿಸಿಯಾದಾಗ ರೇಡಿಯೇಟರ್‌ಗೆ ದಾರಿ ಬಿಡುವ ವಾಲ್ವ್) ಕಚ್ಚಿರಬಹುದು, ಹೆಡ್ ಗ್ಯಾಸ್ಕೆಟ್ ಹೋಗಿ ಕೂಲಂಟ್‌ಗೆ ಗ್ಯಾಸ್ ನುಗ್ಗುತ್ತಿರಬಹುದು.

ಸ್ವಿಚ್ ಮೇಲೇ ಅನುಮಾನವಾ? ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಡಿ. ಎಂಜಿನ್ ನಿಂತಾಗ ಕಂಟಿನ್ಯೂಟಿ (ಕರೆಂಟ್ ಹಾಯುವ ದಾರಿ) ಬರಬಾರದು, ಓಡುವಾಗ ಬರಬೇಕು. ವೈರ್ ಎಲ್ಲೋ ತುಂಡಾಗಿದ್ದರೂ, ಕನೆಕ್ಟರ್ ಕಿಲುಬು ಹಿಡಿದಿದ್ದರೂ ಪ್ಯಾನೆಲ್‌ಗೆ ಅದು ಹರಿವು ನಿಂತ ಹಾಗೇ ಕಾಣುತ್ತದೆ. ಹಾರ್ನೆಸ್ ಕಡೆಯ ಸಿಗ್ನಲ್ ವೈರನ್ನು ಒಂದು ಕ್ಷಣ ಅರ್ಥ್‌ಗೆ ತಾಗಿಸಿ. ಲ್ಯಾಂಪ್ ಆರಿದರೆ ವೈರಿಂಗ್ ಸರಿ ಇದೆ, ತೊಂದರೆ ಸ್ವಿಚ್‌ನಲ್ಲಿ ಅಥವಾ ನಿಜವಾಗಿಯೂ ಹರಿವಿನಲ್ಲಿ. ನೋಡಿದ ತಕ್ಷಣ ವಾಪಸ್ ಬಿಡಿಸಿ. ಮೇಲೆ ಹೇಳಿದ ಬೋಲ್ಟ್ ಕಥೆ ಶುರುವಾಗಿದ್ದೂ ಬಹುಶಃ ಹೀಗೇ.

ಹೊಸ ಸ್ವಿಚ್ ಹಾಕುವಾಗ ಬಾಣದ ಗುರುತು ಇದ್ದರೆ ಅದು ಹರಿವಿನ ದಿಕ್ಕಿಗೇ ಇರಲಿ. ಕೂಲಂಟ್ ತುಂಬುವಾಗ ಅವಸರ ಬೇಡ. ನಿಮಿಷಕ್ಕೆ 19 ಲೀಟರ್‌ಗಿಂತ ಜಾಸ್ತಿ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಆಗಿ ಅದೇ ಅಲಾರ್ಮ್ ಮತ್ತೆ ಬರುತ್ತದೆ. ಟ್ಯಾಂಕರ್‌ನ ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಆ ಗಡಸು ನೀರೇ ರೆಕ್ಕೆಗೂ ರೇಡಿಯೇಟರ್‌ಗೂ ಪೊರೆ ಕಟ್ಟುವುದು. ತುಂಬಿ ಆದ ಮೇಲೆ ಥರ್ಮೋಸ್ಟಾಟ್ ತೆರೆಯುವಷ್ಟು ಬಿಸಿ ಆಗುವವರೆಗೆ ಎಂಜಿನ್ ಓಡಿಸಿ, ನಿಲ್ಲಿಸಿ, ಪೂರ್ತಿ ತಣಿದ ಮೇಲೆ ಲೆವೆಲ್ ನೋಡಿ. ಇಳಿದಿರುತ್ತದೆ, ಮತ್ತೆ ತುಂಬಿ.