ತಪ್ಪು ಹೆಸರು ಬರೆದಿದ್ದೇ ಒಳ್ಳೇದಾಯ್ತು: ನಮ್ಮ ಪುಟ್ಟ ಮ್ಯೂಸಿಯಂನ ಕತೆ

ನಮ್ಮದು ನಗರದ ಅಂಚಿನ ಒಂದು ಬಡಾವಣೆಯ ಇತಿಹಾಸ ಸಂಘ. ಮ್ಯೂಸಿಯಂ ಅಂದರೆ ಎರಡೂವರೆ ಕೋಣೆ. ಆ ಅರ್ಧ ಯಾವುದಪ್ಪಾ ಅಂದರೆ ಮೆಟ್ಟಿಲ ಕೆಳಗಿನ ಜಾಗ. ಎರಡು ವರ್ಷದ ಹಿಂದೆ ತಿಂಗಳಿಗೆ 15-20 ಜನ ಬಂದರೆ ಜಾಸ್ತಿ. ಅದರಲ್ಲೂ ಕೆಲವರು ಮಳೆ ನಿಲ್ಲಲಿ ಅಂತ ಒಳಗೆ ಬಂದವರು. ಈಗ ತಿಂಗಳ ಒಂದೇ ಶನಿವಾರಕ್ಕೆ 60-70 ಜನ ಆಗುತ್ತಾರೆ. 'ಇದು ಆಗೋ ಕೆಲಸ ಅಲ್ಲ ಬಿಡಿ' ಎಂದಿದ್ದ ಖಜಾಂಚಿಯವರು ಆವತ್ತು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ತಾವೇ ಎಲ್ಲರನ್ನೂ ಕರೆಯುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತಿದ್ದನ್ನು ಹೇಳಿಬಿಡುತ್ತೇನೆ. ಉಪನ್ಯಾಸ ಮಾಲೆ ಮಾಡಿದೆವು. ಐದನೆಯದಕ್ಕೆ ಒಂಬತ್ತು ಜನ. ನಾಲ್ವರು ಸಮಿತಿಯವರು, ಒಬ್ಬರು ಭಾಷಣಕಾರರ ಹೆಂಡತಿ. ಆರನೆಯದು ನಡೆಯಲಿಲ್ಲ.

ಆಮೇಲೆ ಒಂದು ಅನುದಾನ ಬಂತು. ನಮಗೂ ತಲೆ ತಿರುಗಿತು. ಟಚ್‌ಸ್ಕ್ರೀನ್ ತಂದೆವು. ಹೆಚ್ಚುಕಮ್ಮಿ ಎರಡು ವರ್ಷದ ಸದಸ್ಯತ್ವದ ಹಣದಷ್ಟು ಅದೊಂದೇ ನುಂಗಿತು. ವರ್ಷ ತುಂಬೋ ಮೊದಲೇ ಕೆಟ್ಟು ಕೂತಿತು. ರಿಪೇರಿಗೆ ಕೇಳಿದ ಹಣದಲ್ಲಿ ಹೊಸ ಕಪಾಟು ಬರುತ್ತಿತ್ತು. ಈಗ ಅದರ ಮೇಲೆ ನೋಟಿಸ್ ಅಂಟಿಸುತ್ತೇವೆ. ಆ ಕೆಲಸ ಮಾತ್ರ ಚೆನ್ನಾಗಿ ಮಾಡುತ್ತದೆ.

ಟ್ರಂಕಿನದು ಇನ್ನೊಂದು ಕತೆ. ಒಬ್ಬರು ಮನೆಯ ಹಳೇ ಟ್ರಂಕು ತಂದುಕೊಟ್ಟರು, ಒಳಗೆ ಕಾಗದ, ಬಟ್ಟೆ, ಲೆಕ್ಕದ ಪುಸ್ತಕ. ಬಾಯಿಮಾತಲ್ಲೇ ಎಲ್ಲ ಮುಗಿಯಿತು. ನಾವು ಆಮ್ಲರಹಿತ ಪೆಟ್ಟಿಗೆ, ಕಾಗದ (ಹಳೇ ಕಾಗದ ಹಳದಿಯಾಗಿ ಪುಡಿಯಾಗದಂತೆ ಕಾಯುವಂಥವು) ಅಂತ ಆ ವರ್ಷದ ಸಂರಕ್ಷಣೆಯ ದುಡ್ಡೆಲ್ಲ ಅದಕ್ಕೇ ಸುರಿದೆವು. ಮೂರು ವರ್ಷದ ಮೇಲೆ ಮೊಮ್ಮಗ ಬಂದು, 'ತಾತ ನೋಡೋಕೆ ಕೊಟ್ಟಿದ್ದಷ್ಟೇ' ಅಂದ. ನಮ್ಮ ಹತ್ತಿರ ಒಂದು ಸಹಿ ಕೂಡ ಇರಲಿಲ್ಲ. ನಮ್ಮ ಪೆಟ್ಟಿಗೆಗಳ ಸಮೇತ ಹೊತ್ತುಕೊಂಡು ಹೋದ! ದಾನಪತ್ರಕ್ಕೆ ಸಹಿ ಬೀಳದೆ ಈಗ ಒಂದು ಗುಂಡುಸೂಜಿಯನ್ನೂ ಒಳಗೆ ಬಿಡುವುದಿಲ್ಲ.

ಇನ್ನು ಫೋಟೋಗಳ ವಿಷಯ. ನಮ್ಮಲ್ಲಿ ಸುಮಾರು 1,400 ಇದ್ದವು. 900ರ ಹತ್ತಿರಕ್ಕೆ ಹೆಸರಿಲ್ಲ, ಊರಿಲ್ಲ, ವರ್ಷ ಇಲ್ಲ. ನಾನು 40 ಆರಿಸಿ, ಪ್ರತಿ ತೆಗೆದು, 'ಇವರು ಯಾರು? ತಿಳಿದವರು ಹೇಳಿ' ಅಂತ ಗೋಡೆಗೆ ಹಾಕಿದೆ. ಎರಡು ತಿಂಗಳಲ್ಲಿ ಬಂದ ಉತ್ತರ ಮೂರು. 'ನಾನು ಮೊದಲೇ ಹೇಳಿರಲಿಲ್ವಾ' ಅಂದರು ಖಜಾಂಚಿ.

ಆದರೆ ಅದರಲ್ಲಿ ಒಂದು ಫೋಟೋಗೆ ನಾನು ತಪ್ಪಿ 'ಹಳೇ ಅಂಚೆ ಕಚೇರಿ' ಅಂತ ಬರೆದುಬಿಟ್ಟಿದ್ದೆ. ಮೊಮ್ಮಗಳ ಜೊತೆ ಬಂದಿದ್ದ ಅಜ್ಜಿಯೊಬ್ಬರು ಅದರ ಮುಂದೆ ನಿಂತರು. ಕನ್ನಡಕ ತೆಗೆದರು, ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, 'ಯಾರಪ್ಪ ಇದನ್ನ ಬರೆದಿದ್ದು? ಇದು ಸ್ಕೂಲಿನ ಹಿಂದಿನ ಗೋಡೆ. ದಿನಾ ಹಾರಿ ಓಡಿಹೋಗ್ತಿದ್ದೋಳು ನಾನು, ನಂಗೆ ಗೊತ್ತಿಲ್ವಾ?' ಅಂದರು. ಗೋಡೆಯ ಮೇಲಿನ ಒಂದು ಇಟ್ಟಿಗೆ ಕಿತ್ತಿರುವುದನ್ನು ಬೆರಳಿಟ್ಟು ತೋರಿಸಿದರು. ಕಾಲಿಡುತ್ತಿದ್ದುದು ಅಲ್ಲೇ ಅಂತೆ. ಮುಂದಿನ ವಾರ ತಮ್ಮ ಇಬ್ಬರು ಗೆಳತಿಯರನ್ನು ಕರೆತಂದು ಸಾಕ್ಷಿ ಹೇಳಿಸಿದರು. ಒಂದೇ ತಪ್ಪಿಗೆ ಮೂವರು!

ಕೇಳಿದರೆ ಜನ ಸುಮ್ಮನಿರುತ್ತಾರೆ, ತಪ್ಪು ಹೇಳಿದರೆ ತಡೆಯಲಾರರು. ಹಾಗಾದರೆ ಬೇಕಂತಲೇ ತಪ್ಪು ಬರೆಯೋಣ ಅಂದೆ. ಕಾರ್ಯದರ್ಶಿ ಸಿಟ್ಟಾದರು. ಮ್ಯೂಸಿಯಂ ಗೋಡೆಯ ಮೇಲೆ ಸುಳ್ಳು ಬರೆದರೆ ನಾಳೆ ನಿಜವನ್ನು ಯಾರು ನಂಬುತ್ತಾರೆ ಅಂದರು. ಅವರು ಹೇಳಿದ್ದು ಸರಿ ಇತ್ತು, ಈಗ ಒಪ್ಪುತ್ತೇನೆ. ಕೊನೆಗೆ ದಾರಿ ಸಿಕ್ಕಿತು. 'ನಮ್ಮ ಅಂದಾಜು' ಅಂತ ಮೇಲೆ ಹಾಕಿ, ನಮಗೆ ತೋಚಿದ್ದನ್ನು ಪೆನ್ಸಿಲಲ್ಲೇ ಬರೆಯುವುದು. ಪಕ್ಕದಲ್ಲಿ ರಬ್ಬರು ಇಡುವುದು. ಅಂದಾಜು ನಿಜವಾದ ಅಂದಾಜೇ, ಸುಳ್ಳಲ್ಲ. ಆದರೆ ಆ ರಬ್ಬರು ನೋಡಿದ ತಕ್ಷಣ ಜನರ ಕೈ ಕಡಿಯುತ್ತದೆ.

ಈಗ ಗೋಡೆ ಬಿಟ್ಟು ಮೇಜಿಗೆ ಬಂದಿದ್ದೇವೆ. ಮೊದಲು ಹೇಳಿದ ಆ ಶನಿವಾರ ಫೋಟೋಗಳನ್ನು ಮೇಜುಗಳ ಮೇಲೆ ಹರಡುತ್ತೇವೆ. ಮೂಲ ಫೋಟೋ ಹೊರಗೆ ಬರುವುದೇ ಇಲ್ಲ. 600 ಡಿಪಿಐ ಸ್ಕ್ಯಾನ್ (ಅಂದರೆ ಇಂಚಿಗೆ 600 ಚುಕ್ಕೆ), ಚಿತ್ರದ ವಿವರ ಕಳೆದುಹೋಗದ ಟಿಫ್ ಫೈಲು, ಅದರಿಂದ ದೊಡ್ಡ ಪ್ರತಿ, ನಾಲ್ಕು ಭೂತಗನ್ನಡಿ. ಚೀಟಿಯಲ್ಲಿ ಮೂರೇ ಪ್ರಶ್ನೆ: ಇದೇನು, ನಿಮಗೆ ಹೇಗೆ ಗೊತ್ತು, ಇನ್ನು ಯಾರನ್ನು ಕೇಳಬಹುದು. ಎರಡನೆಯದನ್ನು ಬಿಡಬೇಡಿ. 'ನಮ್ಮ ಮನೆ ಎದುರಿಗಿತ್ತು' ಅನ್ನುವವರಿಗೂ 'ಯಾರೋ ಹೇಳಿದ್ದರು' ಅನ್ನುವವರಿಗೂ ಆಕಾಶ ಭೂಮಿಯಷ್ಟು ವ್ಯತ್ಯಾಸ. ಬೇರೆ ಬೇರೆ ದಿನ ಬಂದ ಇಬ್ಬರು ಒಂದೇ ಮಾತು ಹೇಳಿದರೆ ರಿಜಿಸ್ಟರಿಗೆ. ಒಬ್ಬರೇ ಆದರೆ ಪ್ರಶ್ನಾರ್ಥಕ ಚಿಹ್ನೆಯ ಜೊತೆ. ಒಂದು ಗುಂಪು ಫೋಟೋದಲ್ಲಿ ಒಂದೇ ಮಗುವನ್ನು ಮೂವರು 'ಅದು ನಾನೇ' ಅಂದರು. ಮೂವರ ಹೆಸರನ್ನೂ ಬರೆದಿಟ್ಟಿದ್ದೇನೆ. ಜಗಳ ಅವರವರೇ ಮುಗಿಸಿಕೊಳ್ಳಲಿ.

ಯಾವ ಫೋಟೋ ಬಾಗಿಲ ಹತ್ತಿರ, ಯಾವುದು ಕೊನೆಯ ಮೇಜಿಗೆ ಅನ್ನುವುದರಲ್ಲೂ ಒಂದು ಗುಟ್ಟಿದೆ. ಅದನ್ನು ಹೇಳುವುದಿಲ್ಲ. ನಾಲ್ಕು ಶನಿವಾರ ನೀವೇ ನಿಂತು ನೋಡಿ, ಗೊತ್ತಾಗುತ್ತದೆ.

ಇದರಿಂದ ಮೌಖಿಕ ಇತಿಹಾಸದ ಕೆಲಸವೂ, ಅಂದರೆ ಜನರ ನೆನಪುಗಳನ್ನು ಅವರ ಬಾಯಲ್ಲೇ ಕೇಳಿ ದಾಖಲಿಸುವುದೂ, ಎದ್ದು ನಿಂತಿತು. ಮೊದಲು 30 ಪ್ರಶ್ನೆಯ ಪಟ್ಟಿ ಹಿಡಿದು ಹೋಗುತ್ತಿದ್ದೆವು. 'ಆಗಿನ ಕಾಲ ಚೆನ್ನಾಗಿತ್ತು' ಬಿಟ್ಟರೆ ಏನೂ ಬರುತ್ತಿರಲಿಲ್ಲ. ಈಗ ಪಟ್ಟಿ ಇಲ್ಲ. ಎರಡು ಫೋಟೋ ಮುಂದಿಟ್ಟು ರೆಕಾರ್ಡರ್ ಒತ್ತಿ ಸುಮ್ಮನಿರುತ್ತೇನೆ. ನಾನೇ ಕಂಡುಹಿಡಿದೆ ಅಂತ ಬೀಗುತ್ತಿದ್ದೆ. ಆಮೇಲೆ ತಿಳಿಯಿತು, ಅಮೆರಿಕದ ಛಾಯಾಗ್ರಾಹಕ, ಮಾನವಶಾಸ್ತ್ರಜ್ಞ ಜಾನ್ ಕೋಲಿಯರ್ ಅನ್ನುವವರು 1957ರಲ್ಲೇ ಇದನ್ನು ಪರೀಕ್ಷೆ ಮಾಡಿ ಬರೆದಿದ್ದಾರೆ. ಇರಲಿ, ರಬ್ಬರು ಮಾತ್ರ ನಂದೇ.

ನಡುವೆ ಬೇರೆ ಹುಚ್ಚಾಟಗಳೂ ಇದ್ದವು. ಲೆಕ್ಕದ ಪುಸ್ತಕಗಳಿಗೆ ಬೆಳ್ಳಿ ಬಣ್ಣದ ಹುಳ ಬಿತ್ತು. ಔಷಧಿ ಹೊಡೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ, ಒಬ್ಬ ಸದಸ್ಯರ ಮನೆಯ ಫ್ರೀಜರಿನಲ್ಲಿ ಎರಡು ವಾರ ಇಟ್ಟೆವು. ಮನೆಯ ಫ್ರೀಜರ್ ಮೈನಸ್ 18 ಡಿಗ್ರಿಯ ಆಸುಪಾಸು, ಅದಕ್ಕೇ ಎರಡು ವಾರ. ಹೊರಗೆ ತೆಗೆದ ಮೇಲೆ ಚೀಲವನ್ನು ಒಂದು ಇಡೀ ದಿನ ಬಿಚ್ಚಬಾರದು. ನಾನು ಮೊದಲ ಸಲ ಆತುರಪಟ್ಟು ಬಿಚ್ಚಿದೆ, ರಟ್ಟಿನ ಮೇಲೆಲ್ಲ ನೀರು ಕೂತು ಒಂದು ಪುಸ್ತಕದ ಬಣ್ಣ ಹರಡಿತು.

ಇನ್ನೊಂದು ಎಂಜಲಿನ ಪ್ರಯೋಗ. ನಗಬೇಡಿ. ಸಂರಕ್ಷಣೆಯವರು ಹತ್ತಿಗೆ ಎಂಜಲು ಹಚ್ಚಿ ಕೊಳೆ ತೆಗೆಯುವುದು ಹಳೇ ರೂಢಿ. ಪೋರ್ಚುಗಲ್‌ನವರು 1990ರಲ್ಲಿ ಅದನ್ನು ಪರೀಕ್ಷಿಸಿ ಬರೆದಿದ್ದರು, 2018ರಲ್ಲಿ ಅದಕ್ಕೆ ಇಗ್ ನೊಬೆಲ್ ಸಿಕ್ಕಿತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು. ನಾನು ಒಂದು ಬೆಲೆ ಇಲ್ಲದ ಮರದ ಚೌಕಟ್ಟಿನ ಮೂಲೆಯಲ್ಲಿ ಮಾಡಿ ನೋಡಿದೆ. ಹತ್ತಿ ಕಪ್ಪಾಯಿತು, ಚೌಕಟ್ಟು ಹೊಳೆಯಿತು. ಅರ್ಧ ಗಂಟೆಗೆ ಬಾಯಿ ಒಣಗಿತು. ಚೌಕಟ್ಟಿನ ಉಳಿದ ಮೂರು ಮೂಲೆ ಇವತ್ತಿಗೂ ಹಾಗೇ ಇವೆ.

ದುಡ್ಡಿನ ಲೆಕ್ಕ: ಮೇಜಿನ ಯೋಜನೆಗೆ ಆದ ಖರ್ಚು ಟಚ್‌ಸ್ಕ್ರೀನಿನ ಹತ್ತರಲ್ಲಿ ಒಂದು ಪಾಲೂ ಇಲ್ಲ, ಸೆಕೆಂಡ್ ಹ್ಯಾಂಡ್ ಸ್ಕ್ಯಾನರ್ ಸೇರಿ. ಗುರುತು ಸಿಕ್ಕ ಕುಟುಂಬದವರು ದೊಡ್ಡ ಪ್ರತಿ ಬೇಕು ಅನ್ನುತ್ತಾರೆ. ಆ ಆದಾಯದಲ್ಲೇ ಪೆಟ್ಟಿಗೆಗಳ ಖರ್ಚು ಹೋಗುತ್ತಿದೆ. ಸದಸ್ಯರು 80 ಇದ್ದವರು 200 ದಾಟಿದ್ದಾರೆ.

ಆ 900 ಫೋಟೋಗಳಲ್ಲಿ ಈಗ ಗುರುತು ಸಿಗದವು 350ರಷ್ಟು ಉಳಿದಿವೆ. ಅದರಲ್ಲೊಬ್ಬ ಏಣಿಯ ಮೇಲೆ ನಿಂತು ಬೀದಿ ದೀಪದ ಗಾಜು ಒರೆಸುತ್ತಿದ್ದಾನೆ, ಮುಖ ಅರ್ಧ ಈ ಕಡೆ ತಿರುಗಿದೆ. ಅವನಿಗೆ ಇಲ್ಲಿಯವರೆಗೆ ಆರು ಚೀಟಿ ಬಂದಿವೆ. ಆರರಲ್ಲೂ ಬೇರೆ ಬೇರೆ ಹೆಸರು. ಬರುವ ಶನಿವಾರ ಅವನನ್ನು ಕೊನೆಯ ಮೇಜಿನಿಂದ ಎತ್ತಿ ಬಾಗಿಲ ಹತ್ತಿರ ಇಡುತ್ತಿದ್ದೇನೆ, ಖಜಾಂಚಿಯವರ ಕುರ್ಚಿಯ ಪಕ್ಕಕ್ಕೆ.