ಫ್ರೆಂಚ್, ಜಪಾನೀಸ್ ಕಲಿತು ನೇರ ಕನ್ನಡಕ್ಕೆ ತರುವುದು ಹೇಗೆ?

ಪಿಯುಸಿ ಫಲಿತಾಂಶ ಬಂದ ಮೇಲೆ ಕೋಲಾರ, ಮುಳಬಾಗಿಲು, ಚಿಂತಾಮಣಿ ಕಡೆಯ ಒಂದಿಷ್ಟು ಮಕ್ಕಳು ಪ್ರತಿ ವರ್ಷ ಕೇಳಿಕೊಂಡು ಬರುತ್ತಾರೆ. ವಿದೇಶಿ ಭಾಷೆ ಓದಬೇಕು, ಆಮೇಲೆ ಅನುವಾದದ ಕೆಲಸಕ್ಕೆ ಹೋಗಬೇಕು ಅನ್ನುತ್ತಾರೆ. ಆಸೆ ಒಳ್ಳೆಯದು, ಓದುವ ಶಕ್ತಿಯೂ ಇರುತ್ತದೆ. ಆದರೆ ಎರಡನೇ ವರ್ಷ ಅನುವಾದ ಶುರುವಾದಾಗ ಬಹಳ ಜನ ಒಂದೇ ಜಾಗದಲ್ಲಿ ಎಡವುತ್ತಾರೆ. ಫ್ರೆಂಚ್ ವಾಕ್ಯವನ್ನು ತಲೆಯೊಳಗೆ ಮೊದಲು ಇಂಗ್ಲಿಷ್ ಮಾಡಿಕೊಳ್ಳುತ್ತಾರೆ, ಆ ಇಂಗ್ಲಿಷನ್ನು ಕನ್ನಡ ಮಾಡುತ್ತಾರೆ. ಅವರ ಹಾಳೆಗಳನ್ನು ತಿದ್ದುವಾಗ ಮೊದಲ ನಾಲ್ಕು ಸಾಲಿನಲ್ಲೇ ಇದು ಗೊತ್ತಾಗಿಬಿಡುತ್ತದೆ. ಹಾಗಾಗಿ ಉಳಿದ ಹಂತಗಳನ್ನು ಬೇಗ ಹೇಳಿ ಮುಗಿಸಿ, ಈ ಹಂತವನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಭಾಷೆ ಆರಿಸಿ

ಒಂದೇ ಭಾಷೆ ಸಾಕು. ಫ್ರೆಂಚ್ ಜೊತೆಗೆ ಸ್ಪ್ಯಾನಿಷ್ಷೂ ಇರಲಿ ಅಂತ ಮೊದಲ ವರ್ಷವೇ ಎರಡಕ್ಕೆ ಕೈ ಹಾಕಿದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ.

ನಮ್ಮ ಕಡೆಯ ಮಕ್ಕಳಿಗೆ ನಾನು ಮೊದಲು ಹೇಳುವುದು ಜಪಾನೀಸ್. ನರಸಾಪುರದಲ್ಲಿ ಹೋಂಡಾ ಕಾರ್ಖಾನೆ ಇದೆ, ತುಮಕೂರಿನ ವಸಂತನರಸಾಪುರದಲ್ಲಿ ಜಪಾನಿ ಕಂಪನಿಗಳಿಗೆಂದೇ ಜಾಗ ಗುರುತಿಸಿದ್ದಾರೆ. ಅದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಆ ಭಾಷೆಯ ನಡೆ ಕನ್ನಡಕ್ಕೆ ಬಹಳ ಹತ್ತಿರ. ‘ವಾತಾಷಿ ವಾ ಮಿಜು ಒ ನೊಮಿಮಾಸು’ ಅಂದರೆ ‘ನಾನು ನೀರನ್ನು ಕುಡಿಯುತ್ತೇನೆ’. ಪದಗಳ ಸಾಲು ಹಾಗೇ ಇದೆ ಅಲ್ವಾ? ನಮ್ಮ ‘ಅನ್ನು’ ಬರುವ ಜಾಗದಲ್ಲಿ ಅವರ ‘ಒ’ ಬಂದಿದೆ, ಕ್ರಿಯಾಪದ ಕೊನೆಗೆ ಬಂದಿದೆ. ಲಿಪಿ ಮಾತ್ರ ಕಷ್ಟ. ಹಿರಗಾನ, ಕತಕಾನ ಎರಡರಲ್ಲೂ 46 ಮೂಲ ಅಕ್ಷರಗಳು. ಅದರ ಮೇಲೆ ದಿನಬಳಕೆಗೆಂದು ಜಪಾನ್ ಸರ್ಕಾರ ಪಟ್ಟಿ ಮಾಡಿರುವ 2136 ಕಾಂಜಿಗಳು, ಅಂದರೆ ಚೀನಾದಿಂದ ಬಂದ ಅಕ್ಷರಗಳು. ಕೈಯಲ್ಲಿ ಬರೆದು ಬರೆದೇ ಕಲಿಯಬೇಕು. ಕತೆ, ಕವಿತೆ ಓದುವ ಹುಚ್ಚು ಇದ್ದರೆ ಫ್ರೆಂಚ್ ತೆಗೆದುಕೊಳ್ಳಿ. ಮುಂದೆ ಜರ್ಮನಿಗೆ ಓದಲು ಹೋಗುವ ಯೋಚನೆ ಇದ್ದರೆ ಜರ್ಮನ್.

ಸೀಟು ಎಲ್ಲಿ?

ಎರಡು ದಾರಿಗಳಿವೆ. ಮೊದಲನೆಯದು ಭಾಷೆಯಲ್ಲೇ ಆನರ್ಸ್ ಪದವಿ. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯ (ಜೆಎನ್‌ಯು), ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಈ ಎರಡರಲ್ಲೂ ಫ್ರೆಂಚ್, ಜರ್ಮನ್, ರಷ್ಯನ್, ಸ್ಪ್ಯಾನಿಷ್, ಅರಬ್ಬಿಯಂಥ ಭಾಷೆಗಳಲ್ಲಿ ಬಿಎ ಇದೆ. ಜೆಎನ್‌ಯುಗೆ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. 13 ಭಾಷೆಗಳಲ್ಲಿ ನಡೆಯುವ ಈ ಪರೀಕ್ಷೆಗೆ ಕನ್ನಡ ಮಾಧ್ಯಮವೂ ಇದೆ. ಆದರೆ ಯಾವ ಕೋರ್ಸಿಗೆ ಯಾವ ವಿಷಯ ಬರೆಯಬೇಕು ಅನ್ನುವುದನ್ನು ವಿಶ್ವವಿದ್ಯಾಲಯವೇ ಹೇಳುತ್ತದೆ. ಅದನ್ನು ನೋಡದೆ ವಿಷಯ ಆರಿಸಿ ಸೀಟು ಕಳೆದುಕೊಳ್ಳುವವರಿದ್ದಾರೆ.

ಎರಡನೆಯದು, ಮನೆಯಿಂದ ದೂರ ಹೋಗಲು ಆಗದವರಿಗೆ. ತುಮಕೂರು ವಿಶ್ವವಿದ್ಯಾಲಯದ ಅಥವಾ ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ಐಚ್ಛಿಕ ಕನ್ನಡ ತೆಗೆದುಕೊಂಡು ಬಿಎ ಮಾಡಿ. ವಾರದ ಕೊನೆಗೆ ಬೆಂಗಳೂರಿಗೆ ಹೋಗಿ ಭಾಷೆ ಕಲಿಯಿರಿ. ಜರ್ಮನ್‌ಗೆ ಇಂದಿರಾನಗರದ ಗೋಯಥೆ ಇನ್‌ಸ್ಟಿಟ್ಯೂಟ್ ಇದೆ, ಅದನ್ನೇ ಮ್ಯಾಕ್ಸ್‌ಮುಲ್ಲರ್ ಭವನ ಅಂತಲೂ ಕರೆಯುತ್ತಾರೆ. ಫ್ರೆಂಚ್‌ಗೆ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್. ಆಮೇಲೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಭಾಷಾಂತರ ವಿಭಾಗವೋ ದೂರಶಿಕ್ಷಣ ಕೊಡುವ ಇಗ್ನೋದ ಅನುವಾದ ಅಧ್ಯಯನದ ಎಂಎಯೋ ಇದ್ದೇ ಇದೆ. ಕನ್ನಡಕ್ಕೆ ಅನುವಾದ ಮಾಡುವ ಗುರಿ ಇದ್ದರೆ ಈ ಎರಡನೇ ದಾರಿ ಯಾವ ರೀತಿಯಲ್ಲೂ ಕಡಿಮೆಯಲ್ಲ. ಮೂರು ವರ್ಷ ಕನ್ನಡ ಬಿಡದೆ ಓದಿರುತ್ತೀರಿ.

‘30 ದಿನಗಳಲ್ಲಿ ಜರ್ಮನ್’ ಅನ್ನುವ ಪುಸ್ತಕಗಳಿಗೆ ದುಡ್ಡು ಹಾಕಬೇಡಿ. ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುವ ಪುಸ್ತಕವಂತೂ ಬೇಡವೇ ಬೇಡ. ಅದರಿಂದ ನಾಲಿಗೆಗೆ ಅಂಟಿದ ತಪ್ಪು ಬಿಡಿಸುವುದಕ್ಕೆ ವರ್ಷ ಬೇಕು. ಬೆರಳಲ್ಲಿ ಒತ್ತಿ ಒತ್ತಿ ಅಂಕ ಗಳಿಸುವ ಆ್ಯಪ್‌ಗಳು ಬಸ್ಸಿನಲ್ಲಿ ಹೊತ್ತು ಕಳೆಯಲು ಸರಿ, ಒಂದು ವಾಕ್ಯ ಸ್ವಂತವಾಗಿ ಆಡುವುದನ್ನು ಅವು ಕಲಿಸುವುದಿಲ್ಲ.

ಮೊದಲ ವರ್ಷ

ಕೇಳಿ, ಜೋರಾಗಿ ಓದಿ, ಬರೆಯಿರಿ. ಫ್ರೆಂಚ್, ಜರ್ಮನ್ ಕಲಿಯುವವರು ಲಿಂಗದ ಬಗ್ಗೆ ಮೊದಲ ದಿನದಿಂದಲೇ ಎಚ್ಚರ ಇಟ್ಟುಕೊಳ್ಳಿ. ಕನ್ನಡದಲ್ಲಿ ಲಿಂಗ ಅರ್ಥದಿಂದ ಬರುತ್ತದೆ, ಅಲ್ಲಿ ಹಾಗಲ್ಲ. ಮೇಜು ಫ್ರೆಂಚ್‌ನಲ್ಲಿ ಸ್ತ್ರೀಲಿಂಗ, ಜರ್ಮನ್‌ನಲ್ಲಿ ಪುಲ್ಲಿಂಗ. ಪದಕ್ಕಿಂತ ಮೊದಲು ಬಂದು ಲಿಂಗ ತೋರಿಸುವ ‘ಲ’, ‘ಲೆ’, ‘ಡೇರ್’, ‘ಡೀ’ಗಳನ್ನು ಸೇರಿಸಿಯೇ ಬಾಯಿಪಾಠ ಮಾಡಿ.

ಯುರೋಪಿನ ಭಾಷೆಗಳಿಗೆ ಎ1ರಿಂದ ಸಿ2ವರೆಗೆ ಆರು ಮಟ್ಟಗಳಿವೆ. ನಾಲ್ಕನೆಯದಾದ ಬಿ2 ಮುಟ್ಟದೆ ಅನುವಾದದ ಕೆಲಸ ಒಪ್ಪಿಕೊಳ್ಳಬೇಡಿ. ಜಪಾನೀಸ್‌ಗೆ ಎನ್5ರಿಂದ ಎನ್1ವರೆಗೆ ಜೆಎಲ್‌ಪಿಟಿ ಪರೀಕ್ಷೆ ಇದೆ, ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ. ಆ ಪರೀಕ್ಷೆಯಲ್ಲಿ ಮಾತನಾಡುವ ಭಾಗವೇ ಇಲ್ಲ. ಹಾಗಾಗಿ ಮಾತನ್ನು ಬೇರೆಯಾಗಿ ರೂಢಿ ಮಾಡಿಕೊಳ್ಳಬೇಕು.

ಅನುವಾದ: ಎಲ್ಲರೂ ಎಡವುವ ಜಾಗ

ಕೋಲಾರದಿಂದ ಚಿಂತಾಮಣಿಗೆ ಹೋಗಬೇಕಾದವರು ಬೆಂಗಳೂರು ಸುತ್ತಿಕೊಂಡು ಹೋಗುವುದಿಲ್ಲ. ಇಂಗ್ಲಿಷ್ ಮೂಲಕ ಬರುವ ಅನುವಾದ ಅಂಥದ್ದು. ಬರೀ ಹೊತ್ತು ಹಾಳಾದರೆ ಹೋಗಲಿ ಅನ್ನಬಹುದಿತ್ತು. ಮೂಲದಲ್ಲೂ ಕನ್ನಡದಲ್ಲೂ ಇರುವ ಎಷ್ಟೋ ಸಂಗತಿಗಳು ಆ ದಾರಿಯಲ್ಲಿ ಕಳೆದುಹೋಗುತ್ತವೆ.

ಫ್ರೆಂಚ್‌ನಲ್ಲಿ ‘ತ್ಯು’ ಮತ್ತು ‘ವೂ’ ಇವೆ, ಜರ್ಮನ್‌ನಲ್ಲಿ ‘ಡು’ ಮತ್ತು ‘ಜೀ’. ನಮ್ಮ ‘ನೀನು’, ‘ನೀವು’ ಇದ್ದಂತೆ. ಮನೆಯಲ್ಲಿ ತೆಲುಗು ಮಾತಾಡುವವರಿಗೆ ‘ನುವ್ವು’, ‘ಮೀರು’ ಇದೆ. ಒಂದು ಫ್ರೆಂಚ್ ಕತೆಯಲ್ಲಿ ಇಬ್ಬರು ಹತ್ತು ಪುಟ ‘ವೂ’ ಅಂದುಕೊಂಡು, ಹನ್ನೊಂದನೇ ಪುಟದಲ್ಲಿ ‘ತ್ಯು’ಗೆ ಇಳಿದರೆ ಅವರ ನಡುವೆ ಏನೋ ಬದಲಾಯಿತು ಅಂತ ನಮಗೆ ತಕ್ಷಣ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ಯೂ’. ಅಲ್ಲಿಂದ ಬಂದ ಕನ್ನಡದಲ್ಲಿ ಆ ಬದಲಾವಣೆ ಕಾಣುವುದೇ ಇಲ್ಲ. ಜಪಾನೀಸ್‌ನಲ್ಲಿ ಅಣ್ಣ, ತಮ್ಮ, ಅಕ್ಕ, ತಂಗಿಗೆ ಬೇರೆ ಬೇರೆ ಪದಗಳಿವೆ: ಅನಿ, ಒತೋತೊ, ಅನೆ, ಇಮೋತೊ. ನಮಗೂ ಇವೆ. ಮಧ್ಯದಲ್ಲಿ ‘ಬ್ರದರ್’, ‘ಸಿಸ್ಟರ್’ ಬಂದು ಕೂತರೆ ಯಾರು ದೊಡ್ಡವರು ಅಂತ ಊಹೆ ಮಾಡಬೇಕಾಗುತ್ತದೆ.

ಇಲ್ಲದ್ದು ಬಂದು ಸೇರಿಕೊಳ್ಳುವುದೂ ಉಂಟು. ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತವನ ಬಗ್ಗೆ ಫ್ರೆಂಚರು ‘ಲೇ ಮ್ಯಾಂ ದಾಂ ಲೇ ಪೋಶ್’ ಅನ್ನುತ್ತಾರೆ. ಅದರಲ್ಲಿ ‘ತನ್ನ’ ಎಂಬ ಮಾತೇ ಇಲ್ಲ. ಕನ್ನಡದಲ್ಲೂ ನಾವು ಹೇಳುವುದಿಲ್ಲ. ಇಂಗ್ಲಿಷಿಗೆ ಮಾತ್ರ ಎರಡು ಸಲ ‘ಹಿಸ್’ ಬೇಕು. ಹಾಗಾಗಿ ವಿದ್ಯಾರ್ಥಿಯ ಹಾಳೆಯಲ್ಲಿ ‘ಅವನು ತನ್ನ ಕೈಗಳನ್ನು ತನ್ನ ಜೇಬುಗಳಲ್ಲಿ ಇರಿಸಿದ್ದನು’ ಎಂದು ಬಂದಿರುತ್ತದೆ.

ವಾಕ್ಯ ಕಟ್ಟುವುದರಲ್ಲೂ ಇದೇ ಕತೆ. ‘ಕಿನೋ ಇಚಿಬಾ ದೆ ಮಿತಾ ಒನ್ನಾ ನೊ ಹಿತೊ’ ಅನ್ನುವುದನ್ನು ಇದ್ದ ಸಾಲಿನಲ್ಲೇ ತಂದರೆ ‘ನಿನ್ನೆ ಸಂತೆಯಲ್ಲಿ ನೋಡಿದ ಹೆಂಗಸು’. ಏನೂ ಹಿಂದೆ ಮುಂದೆ ಮಾಡಬೇಕಿಲ್ಲ. ಇಂಗ್ಲಿಷ್ ಹಾದುಬಂದವರು ಮಾತ್ರ ‘ಆ ಹೆಂಗಸು, ಯಾರನ್ನು ನಾನು ನಿನ್ನೆ ಸಂತೆಯಲ್ಲಿ ನೋಡಿದೆನೋ, ಅವಳು’ ಎಂದು ಬರೆಯುತ್ತಾರೆ. ಹೀಗೆ ಮಾತಾಡುವ ಕನ್ನಡಿಗರನ್ನು ನಾನು ಎಲ್ಲೂ ಕಂಡಿಲ್ಲ.

ಇದನ್ನು ತಪ್ಪಿಸುವುದು ಹೇಗೆ? ಎರಡು ಪುಟಕ್ಕಿಂತ ಜಾಸ್ತಿ ಇಲ್ಲದ ಒಂದು ಕತೆಯನ್ನೋ ಸುದ್ದಿಯನ್ನೋ ತೆಗೆದುಕೊಳ್ಳಿ. ಮೊದಲ ಓದಿಗೆ ನಿಘಂಟು ಮುಟ್ಟಬೇಡಿ. ಗೊತ್ತಿಲ್ಲದ ಪದಕ್ಕೆ ಪೆನ್ಸಿಲ್ ಗೆರೆ ಹಾಕಿ ಮುಂದೆ ಹೋಗಿ. ಎರಡನೇ ಓದಿನಲ್ಲಿ ನಿಘಂಟು ನೋಡಿ, ಆದರೆ ಆ ಭಾಷೆಯದೇ ನಿಘಂಟು. ಫ್ರೆಂಚ್‌ಗೆ ಲರೂಸ್, ಜರ್ಮನ್‌ಗೆ ಡೂಡೆನ್. ಮೊದಮೊದಲು ಕಷ್ಟ ಆಗುತ್ತದೆ, ಆದರೂ ಬಿಡಬೇಡಿ. ಫ್ರೆಂಚ್-ಇಂಗ್ಲಿಷ್ ನಿಘಂಟು ಹಿಡಿದ ಕೂಡಲೇ ಮತ್ತೆ ಇಂಗ್ಲಿಷ್ ದಾರಿಗೆ ಇಳಿದಿರಿ ಅಂತಲೇ ಅರ್ಥ. ಸಿಕ್ಕ ಪದವನ್ನು 200 ಪುಟದ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಬರೆದು, ಎದುರಿಗೆ ನಿಮ್ಮ ಊರಿನ ಕನ್ನಡದಲ್ಲಿ ಅರ್ಥ ಬರೆಯಿರಿ. ಫ್ರೆಂಚಿನಿಂದಲೋ ಜರ್ಮನ್ನಿನಿಂದಲೋ ನೇರ ಕನ್ನಡಕ್ಕೆ ಒಳ್ಳೆಯ ನಿಘಂಟು ಸಿಗುವುದು ಕಷ್ಟ. ಆ ನೋಟ್‌ಬುಕ್ಕೇ ನಿಮ್ಮ ನಿಘಂಟಾಗುತ್ತದೆ.

ಈಗ ಪುಸ್ತಕ ಮುಚ್ಚಿ. ಮನೆಯಲ್ಲಿ ಆ ಭಾಷೆ ಬಾರದ ಯಾರನ್ನಾದರೂ ಕೂರಿಸಿಕೊಂಡು ಓದಿದ್ದನ್ನು ಬಾಯಲ್ಲಿ ಹೇಳಿ. ಅಜ್ಜಿಯಾದರೆ ಬಹಳ ಒಳ್ಳೆಯದು, ಅರ್ಥವಾಗದಿದ್ದರೆ ಅಲ್ಲೇ ನಿಲ್ಲಿಸಿ ಕೇಳುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬಾಗೇಪಲ್ಲಿ, ಶ್ರೀನಿವಾಸಪುರ ಕಡೆಯವರು ಮನೆಮಾತು ತೆಲುಗಾದರೆ ತೆಲುಗಿನಲ್ಲೇ ಹೇಳಿ. ಏನೂ ತೊಂದರೆ ಇಲ್ಲ, ತೆಲುಗಿನ ವಾಕ್ಯವೂ ಕನ್ನಡದ ಹಾಗೇ ನಡೆಯುತ್ತದೆ. ಎರಡು ಭಾಷೆಗಳ ನಡುವೆ ಓಡಾಡುವುದು ನಿಮಗೆ ಚಿಕ್ಕಂದಿನಿಂದ ಅಭ್ಯಾಸವಾಗಿದೆ. ಮನೆಮಾತು ಕನ್ನಡವಲ್ಲ ಎಂದು ಹಿಂಜರಿಯುವ ಮಕ್ಕಳಿಗೆ ನಾನು ಮಾಲೂರು ತಾಲ್ಲೂಕಿನ ಮಾಸ್ತಿಯವರ ಹೆಸರು ಹೇಳುತ್ತೇನೆ. ಮನೆಯಲ್ಲಿ ತಮಿಳು ಆಡುತ್ತಿದ್ದ ಅವರು 1983ರ ಜ್ಞಾನಪೀಠ ಪಡೆದದ್ದು ಕನ್ನಡದ ಬರಹಕ್ಕೆ.

ರೆಕಾರ್ಡ್ ಮಾಡಿದ್ದನ್ನು ಕೇಳುತ್ತಾ ಮೊದಲ ಕರಡು ಬರೆಯಿರಿ. ಕೈಯಲ್ಲೇ ಬರೆಯಿರಿ, ಒಂದು ಸಾಲು ಬಿಟ್ಟು ಒಂದು ಸಾಲು. ಆಮೇಲೆ ಮೂಲ ತೆರೆದು ವಾಕ್ಯ ವಾಕ್ಯ ಹೋಲಿಸಿ. ಬಾಯಲ್ಲಿ ಹೇಳುವಾಗ ಬಿಟ್ಟುಹೋದದ್ದು ಇಲ್ಲಿ ಸಿಗುತ್ತದೆ. ಜಾಸ್ತಿ ತಪ್ಪಿಹೋಗುವುದು ಇಸವಿ, ಅಂಕಿ ಮತ್ತು ‘ಅಲ್ಲ’, ‘ಇಲ್ಲ’ಗಳು. ಊರು, ಜನರ ಹೆಸರನ್ನು ಆ ಭಾಷೆಯವರು ಉಚ್ಚರಿಸುವ ಹಾಗೆ ಬರೆಯಿರಿ. ಫ್ರೆಂಚರ ಕಾರಿನ ಹೆಸರು ‘ರೆನೋ’, ‘ರೆನಾಲ್ಟ್’ ಅಲ್ಲ. ಆದರೆ ಪ್ಯಾರಿಸ್‌ನಂತೆ ಕನ್ನಡದಲ್ಲಿ ಆಗಲೇ ನೆಲೆ ನಿಂತ ಹೆಸರನ್ನು ಕದಲಿಸಬೇಡಿ.

ಹಾಳೆಯನ್ನು ಒಂದು ರಾತ್ರಿ ಪಕ್ಕಕ್ಕಿಡಿ. ಬೆಳಗ್ಗೆ ಮೂಲ ನೋಡದೆ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ಕಡೆ ಗೆರೆ ಹಾಕಿ. ಸಾಮಾನ್ಯವಾಗಿ ಅಲ್ಲಿ ‘ಪಡು’ ಇರುತ್ತದೆ. ‘ಬಾಗಿಲು ಅವನಿಂದ ತೆರೆಯಲ್ಪಟ್ಟಿತು’ ಅಂತಿದ್ದರೆ ‘ಅವನು ಬಾಗಿಲು ತೆಗೆದ’ ಮಾಡಿ. ‘ಅವರು ವೈದ್ಯರಾಗಿದ್ದಾರೆ’ ಅಂತಿದ್ದರೆ ‘ಅವರು ವೈದ್ಯರು’ ಸಾಕು. ಹೆಸರಿನ ಹಿಂದೆ ಮೂರು ವಿಶೇಷಣದ ಸರಪಳಿ ಬಂದು ಕರ್ತೃ ಎಲ್ಲಿ ಅಂತ ಹುಡುಕಬೇಕಾದರೆ ವಾಕ್ಯವನ್ನು ಎರಡಾಗಿ ಮುರಿಯಿರಿ. ಆದರೆ ಲೇಖಕ ಬೇಕೆಂದೇ ಉದ್ದ ಎಳೆದ ವಾಕ್ಯವನ್ನು ತುಂಡು ಮಾಡಿದರೆ ಅವನ ಉಸಿರು ಕತ್ತರಿಸಿದ ಹಾಗೆ. ಅಂಥ ಕಡೆ ‘ಮಾಡಿ’, ‘ಬಂದು’, ‘ನೋಡುತ್ತಾ’ಗಳಿಂದ ಎಷ್ಟು ದೂರ ಬೇಕಾದರೂ ಹೋಗಬಹುದು. ಕನ್ನಡಕ್ಕೆ ಆ ಬಲ ಇದೆ.

ಯಂತ್ರಾನುವಾದದ ಮಾತು. ಗೂಗಲ್‌ನಲ್ಲಿ ಕನ್ನಡ ಬಂದದ್ದು 2011ರಲ್ಲಿ. ಈಗ ಮೊದಲಿಗಿಂತ ಎಷ್ಟೋ ಸುಧಾರಿಸಿದೆ. ಆದರೆ ಇಂಥ ಯಂತ್ರಗಳು ಫ್ರೆಂಚಿನಿಂದ ಕನ್ನಡಕ್ಕೆ ಬರುವಾಗ ಇಂಗ್ಲಿಷನ್ನೇ ಸೇತುವೆ ಮಾಡಿಕೊಂಡದ್ದುಂಟು. ‘ನೀನು’, ‘ನೀವು’ ಅದಲು ಬದಲಾಗುವುದು ಅಲ್ಲೇ. ಕರಡು ಮುಗಿದ ಮೇಲೆ ಬಿಟ್ಟುಹೋದ ಸಾಲು ಹುಡುಕಲು ಅದನ್ನು ಬಳಸಿ. ಕರಡನ್ನು ಅದರಿಂದ ಬರೆಸಬೇಡಿ. ಕಲಿಯುವ ವರ್ಷಗಳಲ್ಲಿ ಬರೆಸಿದರೆ ಆ ಕೈ ಪಳಗುವುದೇ ಇಲ್ಲ.

ಇಷ್ಟಕ್ಕೂ ದಿನಾ ಕನ್ನಡ ಓದದೆ ಇವೆಲ್ಲ ಸಾಗುವುದಿಲ್ಲ. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ.ಶ್ರೀಯವರು ಇಂಗ್ಲಿಷ್ ಕವಿತೆಗಳನ್ನು ನೇರ ಕನ್ನಡದ ಉಸಿರಿಗೆ ತಂದರು. ಹಳಗನ್ನಡ ಅವರಿಗೆ ಅಷ್ಟು ಚೆನ್ನಾಗಿ ಗೊತ್ತಿದ್ದರಿಂದ ಅದು ಆಯಿತು. ದಿನಕ್ಕೆ ಅರ್ಧ ಗಂಟೆ ಕತೆ, ಪತ್ರಿಕೆ, ಲಾವಣಿ, ಯಾವುದನ್ನಾದರೂ ಓದಿ.

ಕೆಲಸ ಹಿಡಿಯುವಾಗ

ಅನುವಾದಕ ಬೇರೆ, ದುಭಾಷಿ ಬೇರೆ. ಕಾರ್ಖಾನೆಗಳಿಗೆ ಬೇಕಾಗುವವರು ಹೆಚ್ಚಾಗಿ ಎದುರಿಗೆ ನಿಂತು ಮಾತು ದಾಟಿಸುವ ದುಭಾಷಿಗಳು. ಅದಕ್ಕೆ ಯಂತ್ರಗಳ ಭಾಗಗಳ ಹೆಸರು, ಸುರಕ್ಷತೆಯ ಮಾತು ಮೊದಲೇ ಕಲಿತಿರಬೇಕು. ಪುಸ್ತಕದ ಕಡೆ ಹೋಗುವವರಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ರಾಷ್ಟ್ರೀಯ ಅನುವಾದ ಮಿಷನ್ ಇದೆ, ಬೆಂಗಳೂರಿನಲ್ಲಿ ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಇದೆ. ಇವುಗಳ ಪ್ರಕಟಣೆಗಳನ್ನು ಗಮನಿಸುತ್ತಿರಿ.

ಪ್ರಕಾಶಕರಿಗೆ ಮಾದರಿ ಕಳಿಸುವಾಗ ನಿಮ್ಮ ಅತ್ಯುತ್ತಮ ಹತ್ತು ಪುಟ ಸಾಕು, ಜೊತೆಗೆ ಮೂಲದ ಹತ್ತು ಪುಟವೂ ಇರಲಿ. ಮೂಲ ಲೇಖಕರ ಅನುಮತಿ ಯಾರು ತರಬೇಕು, ಪುಟಕ್ಕೆ ಎಷ್ಟು, ಯಾವಾಗ, ರಕ್ಷಾಪುಟದ ಮೇಲೆ ನಿಮ್ಮ ಹೆಸರು ಬರುತ್ತದೆಯೇ, ಇವನ್ನೆಲ್ಲ ಕಾಗದದ ಮೇಲೆ ಬರೆಸಿಕೊಳ್ಳಿ. ಹೆಸರು ಕೇಳುವುದಕ್ಕೆ ಸಂಕೋಚ ಬೇಡ. 2025ರ ಅಂತರರಾಷ್ಟ್ರೀಯ ಬುಕರ್‌ನ 50,000 ಪೌಂಡನ್ನು ಬಾನು ಮುಷ್ತಾಕ್ ಮತ್ತು ಅವರ ಅನುವಾದಕಿ ದೀಪಾ ಭಾಸ್ತಿ ಸಮವಾಗಿ ಹಂಚಿಕೊಂಡರು. ಆ ಪ್ರಶಸ್ತಿಯ ನಿಯಮವೇ ಹಾಗಿದೆ. ಮಾತು ಮುಗಿದು ಸಹಿ ಬೀಳುವವರೆಗೆ ಪೂರ್ತಿ ಪುಸ್ತಕದ ಅನುವಾದ ಕಳಿಸಬೇಡಿ.