ಹಳೆಯ ಕಂಪ್ಯೂಟರಿನ ವಿನ್‌ಆಂಪ್‌ನಲ್ಲಿ ಕನ್ನಡದ ಹಾಡುಗಳನ್ನು ಸರಿಯಾಗಿ ಜೋಡಿಸಿಕೊಳ್ಳುವ ಬಗೆ

ಬನಹಟ್ಟಿಯ ನಮ್ಮ ಮನೆಯಲ್ಲಿ 1 ಜಿಬಿ ರ‍್ಯಾಮ್ ಇರುವ, ವಿಂಡೋಸ್ ಎಕ್ಸ್‌ಪಿಯ ಕಂಪ್ಯೂಟರೊಂದು ಇಂದಿಗೂ ನಡೆಯುತ್ತಿದೆ. ಅದಕ್ಕಿರುವ ಕೆಲಸ ಒಂದೇ: ನಮ್ಮ ಕಾಕಾ ಅವರು ಊರೂರು ತಿರುಗಿ ಕ್ಯಾಸೆಟ್‌ಗಳಲ್ಲಿ ತುಂಬಿಸಿಕೊಂಡಿದ್ದ ಶ್ರೀಕೃಷ್ಣ ಪಾರಿಜಾತವೆಂಬ ಜಾನಪದ ನಾಟಕದ ಆಟಗಳನ್ನು ಮತ್ತು ಭಜನಾ ಪದಗಳನ್ನು ಕೇಳಿಸುವುದು. 90 ನಿಮಿಷದ 6 ಕ್ಯಾಸೆಟ್‌ಗಳನ್ನು ತಿಂದ ಒಂದು ಇಡೀ ರಾತ್ರಿಯ ಆಟವು 128 ಕೆಬಿಪಿಎಸ್‌ನ ಎಂಪಿ3 ಆದಾಗ ಸುಮಾರು 520 ಎಂಬಿಗೆ ಇಳಿದು ಒಂದೇ ಸಿಡಿಯಲ್ಲಿ ಕುಳಿತಿತು. ಇಂಥ ಯಂತ್ರಕ್ಕೆ ಇಂದಿನ ಭಾರದ ಪ್ಲೇಯರುಗಳನ್ನು ಹೇರುವುದು ಮುದಿ ಎತ್ತಿಗೆ ಕಬ್ಬಿನ ಗಾಡಿ ಕಟ್ಟಿದಂತೆ. ಆದ್ದರಿಂದ ನಾನು ಹಾಡು ನುಡಿಸುವ ಹಳೆಯ ತಂತ್ರಾಂಶವಾದ ವಿನ್‌ಆಂಪ್ ಅನ್ನೇ ಉಳಿಸಿಕೊಂಡಿದ್ದೇನೆ.

ನಲ್‌ಸಾಫ್ಟ್ ಕಂಪನಿಯು 1997ರಲ್ಲಿ ಹೊರತಂದ ಈ ತಂತ್ರಾಂಶದಲ್ಲಿ ಯಾವ ಆವೃತ್ತಿಯನ್ನು ಆರಿಸಬೇಕೆಂಬುದೇ ಮೊದಲ ಪ್ರಶ್ನೆ. 2ರ ಸರಣಿಯು ಅತ್ಯಂತ ಹಗುರವಾದರೂ ಕನ್ನಡವೂ ಸೇರಿ ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್ ಅನ್ನು ಅರಿಯದು. ಹಾಡುಗಳ ಹೆಸರು ಕನ್ನಡದಲ್ಲಿಯೇ ಇರಬೇಕೆನ್ನುವವರಿಗೆ ಅದು ಒದಗಿಬರುವುದಿಲ್ಲ. 2013ರ ಕೊನೆಯಲ್ಲಿ ಬಂದ 5.666 ಆವೃತ್ತಿಯು ಎಕ್ಸ್‌ಪಿಯಲ್ಲಿಯೂ ನಡೆಯುತ್ತದೆ, ಕನ್ನಡವನ್ನೂ ಓದುತ್ತದೆ; 5.9ಕ್ಕೆ ವಿಂಡೋಸ್ 7 ಆದರೂ ಬೇಕು. ಅನುಸ್ಥಾಪಿಸುವಾಗ ಕಣ್ಣುಮುಚ್ಚಿ ‘ನೆಕ್ಸ್ಟ್’ ಒತ್ತುತ್ತ ಹೋಗದೆ, ಬೇಡದ ಭಾಗಗಳ ಮುಂದಿನ ಗುರುತುಗಳನ್ನು ತೆಗೆದುಹಾಕಬೇಕು. ಬಣ್ಣದ ಅಲೆಗಳನ್ನು ಕುಣಿಸುವ ದೃಶ್ಯಗಳು ಹಾಡು ಕೇಳುವುದಕ್ಕೆ ಬೇಕಾಗಿಲ್ಲ. ಹಳೆಯ ಆವೃತ್ತಿಗಳಲ್ಲಿ ಭದ್ರತೆಯ ದೋಷಗಳಿದ್ದವೆಂಬುದನ್ನೂ ಮರೆಯಬಾರದು, 5.12ರಲ್ಲಿ ದುರುದ್ದೇಶದಿಂದ ರಚಿಸಿದ ಪ್ಲೇಲಿಸ್ಟ್ ಫೈಲೊಂದನ್ನು ತೆರೆದರೆ ಸಾಕು, ಪರರ ಪ್ರೋಗ್ರಾಂ ನಮ್ಮ ಯಂತ್ರದಲ್ಲಿ ಓಡಬಹುದಾಗಿತ್ತು, ಅದನ್ನು 2006ರಲ್ಲಿ 5.13 ಸರಿಪಡಿಸಿತು. ಈ ಕಾರಣಕ್ಕಾಗಿಯೇ ನಮ್ಮ ಹಳೆಯ ಯಂತ್ರಕ್ಕೆ ಇಂಟರ್‌ನೆಟ್ ತಂತಿಯನ್ನು ಜೋಡಿಸಿಲ್ಲ.

ನಿಜವಾದ ತೊಡಕು ಅಕ್ಷರಗಳದ್ದು. ಎಕ್ಸ್‌ಪಿಯಲ್ಲಿ ಕನ್ನಡದ ತುಂಗಾ ಫಾಂಟ್ ಇದ್ದರೂ, ಕಂಟ್ರೋಲ್ ಪ್ಯಾನೆಲ್‌ನ ಪ್ರಾದೇಶಿಕ ಭಾಷೆಗಳ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಫೈಲುಗಳನ್ನು ಸೇರಿಸುವ ತನಕ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಇಷ್ಟು ಮಾಡಿದ ಮೇಲೂ ವಿನ್‌ಆಂಪ್‌ನ ಮೇಲ್ಕಿಟಕಿಯಲ್ಲಿ ಹಾಡಿನ ಹೆಸರಿರಬೇಕಾದಲ್ಲಿ ಪ್ರಶ್ನೆಚಿಹ್ನೆಗಳೇ ಓಡುತ್ತಿದ್ದರೆ ಗಾಬರಿಯಾಗಬೇಕಾಗಿಲ್ಲ. ಆ ಹಸಿರು ಅಕ್ಷರಗಳು ಫಾಂಟಿನವಲ್ಲ. ಪ್ಲೇಯರಿಗೆ ಹೊರರೂಪ ಕೊಡುವ ಸ್ಕಿನ್ನಿನೊಳಗಿರುವ ಒಂದು ಚಿಕ್ಕ ಚಿತ್ರದಿಂದ ಕತ್ತರಿಸಿ ಅಂಟಿಸಿದವು, ಆ ಚಿತ್ರದಲ್ಲಿ ಕನ್ನಡ ಇರುವುದೇ ಇಲ್ಲ. ಕಂಟ್ರೋಲ್ ಮತ್ತು ಪಿ ಒತ್ತಿ ಪ್ರಿಫರೆನ್ಸಸ್ ತೆರೆದು, ಕ್ಲಾಸಿಕ್ ಸ್ಕಿನ್‌ಗಳ ಪುಟದಲ್ಲಿ ಮುಖ್ಯ ಶೀರ್ಷಿಕೆಗೆ ಬಿಟ್‌ಮ್ಯಾಪ್ ಫಾಂಟ್ ಬಳಸುವ ಆಯ್ಕೆಯ ಗುರುತನ್ನು ತೆಗೆದರೆ ಕನ್ನಡ ಮೂಡುತ್ತದೆ. ಮೂಲದಲ್ಲಿ 275ಕ್ಕೆ 116 ಪಿಕ್ಸೆಲ್‌ನ ಕಿಟಕಿ ಅದು. ಕಾಕಾ ಅವರಂತೆ ಚಾಳೀಸು ಹಾಕಿಕೊಳ್ಳುವವರು ಕಂಟ್ರೋಲ್ ಮತ್ತು ಡಿ ಒತ್ತಿ ಎರಡು ಪಟ್ಟು ದೊಡ್ಡದು ಮಾಡಿಕೊಳ್ಳಬೇಕು.

ಹಾಡಿನ ಹೆಸರು ಫೈಲಿನ ಹೆಸರಿನಿಂದಲ್ಲದೆ ಫೈಲಿನೊಳಗೆ ಹಾಡಿನ ವಿವರ ಬರೆದಿಡುವ ಟ್ಯಾಗ್‌ನಿಂದ ಬರುತ್ತದೆಯಾದ್ದರಿಂದ ಅಲ್ಲಿಯೂ ಒಮ್ಮೆ ಇಣುಕಬೇಕು. ಹಾಡನ್ನು ಆರಿಸಿ ಆಲ್ಟ್ ಮತ್ತು 3 ಒತ್ತಿದರೆ ಟ್ಯಾಗ್ ತಿದ್ದುವ ಕಿಟಕಿ ತೆರೆಯುತ್ತದೆ. ಈ ಟ್ಯಾಗ್‌ನ ಮಾದರಿಯಾದ ಐಡಿ3ಯ ಮೊದಲ ಆವೃತ್ತಿಯಲ್ಲಿ ಶೀರ್ಷಿಕೆಗೆ 30 ಬೈಟ್ ಮಾತ್ರ ಜಾಗವಿದ್ದು, ಅದಕ್ಕೆ ಯುನಿಕೋಡ್‌ನ ಪರಿವೆಯಿಲ್ಲ. ಕನ್ನಡವನ್ನು ಎರಡನೆಯ ಆವೃತ್ತಿಯಲ್ಲಿಯೇ ಬರೆಯಬೇಕು. ಸಿಡಿ ಅಂಗಡಿಯೊಂದರಲ್ಲಿ ಮಾಡಿಸಿದ ನಮ್ಮ ಕೆಲವು ಫೈಲುಗಳಲ್ಲಿ ಹೆಸರಿನ ಬದಲು ಕೊಂಬು-ಟೊಪ್ಪಿಗೆ ಹೊತ್ತ ರೋಮನ್ ಅಕ್ಷರಗಳ ಸಾಲೇ ಇತ್ತು. ಅದು ಕೆಟ್ಟ ಫೈಲಲ್ಲ, ಯುನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪಿಸಿದ ಕನ್ನಡ. ಪರಿವರ್ತಕದಲ್ಲಿ ಯುನಿಕೋಡ್ ಮಾಡಿ ಮತ್ತೆ ಅಂಟಿಸಿದರೆ ಸರಿಹೋಗುತ್ತದೆ.

ಇನ್ನು ಕ್ರಮದ ಮಾತು. ಒಂದು ಸಂಜೆ ಪಾರಿಜಾತ ಹಚ್ಚಿದಾಗ ಕಾಕಾ ಅವರು ಎರಡು ಪದ ಕೇಳುವುದರೊಳಗೆ ಕೈ ಎತ್ತಿ, ‘ಏ ತಮ್ಮಾ, ಭಾಮಾ ಇನ್ನೂ ಸಿಟ್ಟಿಗೇ ಎದ್ದಿಲ್ಲ, ಆಗಲೇ ಸಮಾಧಾನ ಮಾಡಾಕ ಹತ್ಯಾರಲ್ಲೋ’ ಎಂದರು. ಪಟ್ಟಿಯನ್ನು ನೋಡಿದರೆ 1 ಆದೊಡನೆ 10, 11 ಬಂದು ಆಮೇಲೆ 2 ಬಂದಿತ್ತು. ಪ್ಲೇಲಿಸ್ಟ್ ಸಂಖ್ಯೆಯ ಬೆಲೆಯನ್ನು ನೋಡದೆ ಅಕ್ಷರಗಳನ್ನಷ್ಟೇ ಹೋಲಿಸಿ ಜೋಡಿಸುವುದೇ ಇದಕ್ಕೆ ಕಾರಣ. ಫೈಲುಗಳಿಗೆ 01, 02 ಎಂದು ಎರಡಂಕಿಯಲ್ಲಿಯೇ ಹೆಸರಿಡುವುದು ಇದಕ್ಕೆ ಮದ್ದು.

ಜೋಡಿಸಿದ ಪಟ್ಟಿಯನ್ನು ಕೂಡಲೇ ಉಳಿಸಬೇಕು, ಏಕೆಂದರೆ ವಿನ್‌ಆಂಪ್ ತನ್ನ ಪಟ್ಟಿಯನ್ನು ಮುಚ್ಚುವ ಹೊತ್ತಿನಲ್ಲಿ ಬರೆದಿಡುತ್ತದೆ, ನಮ್ಮ ಕಡೆ ಕರೆಂಟು ಹೇಳಿ ಹೋಗುವುದಿಲ್ಲ. ಪ್ಲೇಲಿಸ್ಟ್ ಕಿಟಕಿಯ ಬಲತುದಿಯಲ್ಲಿರುವ ‘ಲಿಸ್ಟ್ ಆಪ್ಟ್ಸ್’ ಗುಂಡಿಯಿಂದ ಉಳಿಸುವಾಗ ಎಂ3ಯು ಬೇಡ, ಎಂ3ಯು8 ಆರಿಸಿ. ಮೊದಲನೆಯದು ವಿಂಡೋಸ್‌ನ ಹಳೆಯ ಸಂಕೇತಪಟ್ಟಿಯಲ್ಲಿ ಬರೆಯುವುದರಿಂದ ಕನ್ನಡ ಹೆಸರಿನ ಫೈಲುಗಳೆಲ್ಲ ಪ್ರಶ್ನೆಚಿಹ್ನೆಗಳಾಗಿ, ಮರುದಿನ ಒಂದೂ ನುಡಿಯುವುದಿಲ್ಲ, ಎರಡನೆಯದು ಯುನಿಕೋಡ್‌ನ ಯುಟಿಎಫ್-8. ಪಟ್ಟಿಯನ್ನು ಹಾಡುಗಳಿರುವ ಫೋಲ್ಡರಿನಲ್ಲಿಯೇ ಇಟ್ಟರೆ ಅದರೊಳಗೆ ಡ್ರೈವಿನ ಹೆಸರಿಲ್ಲದೆ ಫೈಲಿನ ಹೆಸರಷ್ಟೇ ಇರುತ್ತದೆ, ಆ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ಜಮಖಂಡಿಯ ಬೀಗರ ಮನೆಗೆ ಒಯ್ದರೂ ಪಟ್ಟಿ ಕೆಡುವುದಿಲ್ಲ.

ಧ್ವನಿಯ ತಗ್ಗು-ಎತ್ತರದ ಸ್ವರಗಳನ್ನು ಬೇರೆಬೇರೆಯಾಗಿ ಏರಿಳಿಸುವ ಈಕ್ವಲೈಜರ್ ಕುರಿತು ನನಗೆ ತುಸು ಹೆಚ್ಚು ಹೇಳಬೇಕೆನಿಸುತ್ತದೆ, ಏಕೆಂದರೆ ನಮ್ಮ ಓಣಿಯಲ್ಲಿ ಹಗಲೆಲ್ಲ ವಿದ್ಯುತ್ ಮಗ್ಗಗಳ ಸದ್ದು ನಿಲ್ಲುವುದೇ ಇಲ್ಲ. ಆಲ್ಟ್ ಮತ್ತು ಜಿ ಒತ್ತಿದರೆ 60 ಹರ್ಟ್ಸ್‌ನಿಂದ 16 ಕಿಲೋಹರ್ಟ್ಸ್ ತನಕ 10 ಸರಳುಗಳು ಕಾಣುತ್ತವೆ. ಮೇಲಿನ ‘ಆನ್’ ಗುಂಡಿ ಹೊತ್ತಿಕೊಳ್ಳದಿದ್ದರೆ ಅವನ್ನು ಎಷ್ಟು ಎಳೆದಾಡಿದರೂ ವ್ಯರ್ಥ; ನಾನೇ ಒಂದು ಮಧ್ಯಾಹ್ನ ಹಾಗೆ ಕಳೆದಿದ್ದೇನೆ. ಮಗ್ಗದ ಸದ್ದನ್ನು ಮೀರಿಸಲೆಂದು ಎಲ್ಲ ಸರಳುಗಳನ್ನೂ ಮೇಲೇರಿಸಿದರೆ ಧ್ವನಿ ಒಡೆದು ಹಾರ್ಮೋನಿಯಂ ಗರಗರ ಎನ್ನುತ್ತದೆ. ಬದಲಿಗೆ 60ರ ಸರಳನ್ನು ಇಳಿಸಿ ಟೇಪಿನ ಗುಂಯ್ ನಾದವನ್ನು ತಗ್ಗಿಸಿ, 12 ಕಿಲೋಹರ್ಟ್ಸ್‌ನಿಂದ ಮೇಲಿನವನ್ನು ಇಳಿಸಿ ಕ್ಯಾಸೆಟ್ಟಿನ ಸುಸ್ಸೆನ್ನುವ ಸದ್ದನ್ನು ಕಡಿಮೆ ಮಾಡಿ, 1 ಮತ್ತು 3 ಕಿಲೋಹರ್ಟ್ಸ್‌ನ ಸರಳುಗಳನ್ನು ಸ್ವಲ್ಪವೇ ಏರಿಸಿದರೆ ಹಾಡುವವರ ಮಾತು ಸ್ಪಷ್ಟವಾಗುತ್ತದೆ. ಏರಿಸಿದಷ್ಟನ್ನು ಒಟ್ಟು ಧ್ವನಿಯನ್ನು ಏರಿಳಿಸುವ ಎಡತುದಿಯ ಪ್ರಿಆಂಪ್‌ನಲ್ಲಿ ಇಳಿಸಬೇಕು. ತಾಳದ ಮೊನಚು ಮೊಂಡಾಯಿತೆನಿಸಿದರೆ ಮೇಲಿನ ಸರಳುಗಳನ್ನು ಅತಿಯಾಗಿ ಇಳಿಸಿದ್ದೀರೆಂದೇ ಅರ್ಥ.

ಮೌಸ್ ಹಿಡಿಯಲು ಬೇಸರಪಡುವ ಹಿರಿಯರಿಗೆ ಕೀಲಿಮಣೆಯ ಕೆಳಸಾಲೇ ಸಾಕು: ಝಡ್ ಒತ್ತಿದರೆ ಹಿಂದಿನ ಹಾಡು, ಎಕ್ಸ್‌ಗೆ ಆರಂಭ, ಸಿ ಒತ್ತಿದರೆ ತಡೆ, ವಿ ಒತ್ತಿದರೆ ನಿಲುಗಡೆ, ಬಿ ಒತ್ತಿದರೆ ಮುಂದಿನದು. ಎಡಬಲದ ಬಾಣಗಳು 5 ಸೆಕೆಂಡ್ ಹಿಂದೆಮುಂದೆ ಸರಿಸುತ್ತವೆ, ಮೇಲೆಕೆಳಗಿನವು ಧ್ವನಿಯನ್ನು ಏರಿಳಿಸುತ್ತವೆ. ಕಾಕಾ ಅವರು ಇವುಗಳಲ್ಲಿ ಕಲಿತದ್ದು ಎರಡನ್ನು ಮಾತ್ರ. ಚಹಾ ಬಂದಾಗ ಸಿ ಒತ್ತುತ್ತಾರೆ. ಬೇಕಾದ ಪದ ಸಿಗದಿದ್ದಾಗ ಜೆ ಒತ್ತಿ, ತೆರೆದ ಪೆಟ್ಟಿಗೆಯಲ್ಲಿ ಒಂದೇ ಬೆರಳಿನಿಂದ ‘ಭಾಮಾ’ ಎಂದು ಟೈಪಿಸಿ, ಕೆಳಗೆ ಉಳಿದ ಏಳೆಂಟು ಹೆಸರುಗಳಲ್ಲಿ ತಮಗೆ ಬೇಕಾದದ್ದನ್ನು ಆರಿಸಿ ಎಂಟರ್ ಒತ್ತುತ್ತಾರೆ.